ಪಡಸಾಲೆಗೆ ಸುತ್ತಿದ ತಂತಿ

ಹೋದ ತಿಂಗಳು ಚಿಗಳ್ಳಿಯಿಂದ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಹಳಿಯಾಳಕ್ಕೆ ಬಂದಿದ್ದಳು. ಎರಡನೆಯ ಹೆರಿಗೆಯಾದ ಮೇಲೆ ಅವಳ ಕಿವಿ ಮಂದವಾಗಿದೆಯಂತೆ. ನಾನು ಮಾತಾಡುತ್ತಿದ್ದರೆ ಅವಳು ಮುಗುಳ್ನಗುತ್ತ ತಲೆಯಾಡಿಸುತ್ತಿದ್ದಳು. ಬೇಕೆಂದೇ ದನಿ ತಗ್ಗಿಸಿ, "ನಿನ್ನೆ ನಿಮ್ಮ ಮನ್ಯಾಗ ಎಷ್ಟ ಆನಿ ಬಂದು ಊಟಾ ಮಾಡಿದ್ವು?" ಎಂದು ಕೇಳಿದೆ. ಅದಕ್ಕೂ ತಲೆಯಾಡಿಸಿದಳು. ನಾನು ನಗಲಿಲ್ಲ. ಏಳು ವರ್ಷ ನಾನೂ ಹಾಗೆಯೇ ತಲೆಯಾಡಿಸಿಕೊಂಡು ಬದುಕಿದವಳು. ಅವಳ ಕೈ ಹಿಡಿದು, ಎದುರಿಗೆ ಕೂರಿಸಿಕೊಂಡು ಅಂದು ಏನು ಹೇಳಿದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇನ್ನೆಲ್ಲಿಯೋ ಇನ್ಯಾರೋ ಹೀಗೆ ತಲೆಯಾಡಿಸುತ್ತ ಕೂತಿರಬಹುದು.

ನನ್ನ ತವರು ಮುಂಡಗೋಡ ಕಡೆಯ ಸನವಳ್ಳಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಹಳಿಯಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿದ್ದೆ. ನನ್ನ ಗಂಡ ಬಸವಣ್ಣೆಪ್ಪನವರು ಕಟ್ಟಿಗೆ ವ್ಯಾಪಾರದ ಒಂದು ಪೇಢಿಯಲ್ಲಿ ಕಾರಕೂನರು. ವಾರದಲ್ಲಿ ಎರಡು ದಿನ ದಾಂಡೇಲಿಯಲ್ಲಿ ಅವರ ಕೆಲಸ. ಮನೆಯಲ್ಲಿ ನಾವಿಬ್ಬರು, ಮತ್ತು ನನ್ನ ಅತ್ತೆ ಚನ್ನವ್ವ. ಯುದ್ಧ ಶುರುವಾದ ಮರುವರ್ಷ ನಾನು ಬಸುರಿಯಾದೆ. ಕಿವಿ ಹೋಗಲು ಶುರುವಾದದ್ದೂ ಆಗಲೇ.

ಮೊದಲು ದೂರದ ಸದ್ದುಗಳು ಹೋದವು. ಹಿತ್ತಲಿನಲ್ಲಿ ಕರು ಕೂಗಿದರೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಶಾಲೆಯ ಹಿಂದಿನ ಸಾಲಿನ ಹುಡುಗಿಯರು ಹೋದರು. ವಿಚಿತ್ರವೆಂದರೆ, ಅಳ್ನಾವರಕ್ಕೆ ಹೋಗುವ ಮೋಟಾರಿನಲ್ಲಿ ಕೂತರೆ, ಆ ಗಡಗಡ ಸದ್ದಿನ ನಡುವೆ ಪಕ್ಕದವರ ಮಾತು ನನಗೆ ಸರಿಯಾಗಿಯೇ ಕೇಳುತ್ತಿತ್ತು. ಅದನ್ನು ಕಂಡ ಅತ್ತೆಗೆ ನನ್ನ ಮೇಲೆ ಅನುಮಾನ ಬಂತು.

"ಮೋಟಾರಿನ್ಯಾಗ ಕೇಳತೈತಿ, ಮನ್ಯಾಗ ಕೇಳಂಗಿಲ್ಲ ಅಂದ್ರ ಇದೆಂಥಾ ಕಿವುಡಪಾ?" ಎಂದು ಮಗನ ಮುಂದೆ ಹೇಳಿದರು. "ನಾ ಕೆಲಸಾ ಹೇಳಿದಾಗ ಅಷ್ಟ ಕಿವಿ ಮುಚ್ಚತಾವೇನು?"

ಅವರ ತಪ್ಪಲ್ಲ. ನನಗೇ ನನ್ನ ಮೇಲೆ ಅನುಮಾನವಿತ್ತು. ಮಂದಿ ನಿಜವಾಗಿಯೂ ಮೆಲ್ಲಗೆ ಮಾತಾಡತೊಡಗಿದ್ದಾರೆ ಎಂದು ಎಷ್ಟೋ ದಿನ ನಂಬಿದ್ದೆ.

ಮಗಳು ನೀಲಾ ಹುಟ್ಟಿದಳು. ಹೆರಿಗೆಯ ಸುಸ್ತು ಇಳಿದ ಮೇಲೆ ನೋಡುತ್ತೇನೆ, ಮಗು ಬಾಯಿ ತೆರೆದು ಕೆಂಪಾಗಿ ಅಳುತ್ತಿದೆ, ನನಗೆ ಏನೂ ಕೇಳುತ್ತಿಲ್ಲ. ತೊಟ್ಟಿಲಿಗೆ ಒಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕಾಲ ಬೆರಳಿಗೆ ಕಟ್ಟಿಕೊಂಡು ಮಲಗುತ್ತಿದ್ದೆ. ಮಗು ಒದ್ದಾಡಿದರೆ ದಾರ ಎಳೆಯುತ್ತಿತ್ತು.

ಮತ್ತೆ ಶಾಲೆಗೆ ಹೋದೆ. ತಪಾಸಣೆಗೆ ಸಾಹೇಬರು ಬಂದ ದಿನ ಒಬ್ಬ ಹುಡುಗಿ ಎದ್ದು ನಿಂತು ಪದ್ಯ ಹೇಳಿದಳು. ಅವಳ ತುಟಿ ನಿಂತ ಕೂಡಲೇ ನಾನು "ಶಾಬಾಸ್" ಎಂದೆ. ಇಡೀ ತರಗತಿ ನಕ್ಕಿತು. ಆ ಹುಡುಗಿ ಪದ್ಯವನ್ನೇ ಹೇಳಿರಲಿಲ್ಲ. ಹೊಟ್ಟೆನೋವು, ಮನೆಗೆ ಹೋಗಲೇ ಎಂದು ಕೇಳಿದ್ದಳು. ಸಾಹೇಬರು ಒಳ್ಳೆಯವರು, ಏನೂ ಅನ್ನಲಿಲ್ಲ. ನಾನೇ ಮರುದಿನ ರಾಜೀನಾಮೆ ಬರೆದುಕೊಟ್ಟೆ. ಮನೆಗೆ ಬಂದು ಸೀರೆಯ ಮೇಲಿನ ಸುಣ್ಣದಕಡ್ಡಿಯ ಪುಡಿ ಝಾಡಿಸಿದೆ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಸೊಪ್ಪಿನ ರಸ, ಹರಕೆ ಎಲ್ಲ ಆದವು. ಕೊನೆಗೆ ಬಸವಣ್ಣೆಪ್ಪನವರು ನನ್ನನ್ನು ಬೆಳಗಾವಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆ ಆಸ್ಪತ್ರೆಯ ಜಗುಲಿಯನ್ನು ನಾನು ಮರೆಯಲಾರೆ. ಗೋಡೆಗೆ ಹಚ್ಚಿದ ಉದ್ದನೆಯ ಬೆಂಚಿನ ಮೇಲೆ ಕಿವಿಯ ರೋಗಿಗಳೆಲ್ಲ ಕೂತಿದ್ದೆವು. ಬಾಗಿಲಲ್ಲಿ ಕಂಪೌಂಡರ್ ನಿಂತು ಹೆಸರು ಕೂಗುತ್ತಿದ್ದ. ನಮ್ಮಲ್ಲಿ ಯಾರಿಗೂ ಕೇಳುತ್ತಿರಲಿಲ್ಲ! ನನ್ನ ಹೆಸರು ಕರೆದು ನಾನು ಏಳದೆ ಹೋದರೆ ಎಂಬ ಭಯಕ್ಕೆ ನೀರು ಕುಡಿಯಲೂ ಎದ್ದಿರಲಿಲ್ಲ. ಕಣ್ಣು ಮಿಟುಕಿಸದೆ ಅವನ ಬಾಯಿಯನ್ನೇ ನೋಡುತ್ತಿದ್ದೆ. ಎಲ್ಲರೂ ಹಾಗೆಯೇ ನೋಡುತ್ತಿದ್ದರು. ಅವನು ಬಾಯಿ ತೆರೆದರೆ ಸಾಕು, ಹದಿನೈದು ಇಪ್ಪತ್ತು ಮಂದಿ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಮೂರನೆಯ ಸಲ ಹೀಗಾದಾಗ ಪಕ್ಕದಲ್ಲಿದ್ದ ಮುದುಕ ನನ್ನ ಕಡೆ ತಿರುಗಿ ನಕ್ಕ. ನಾನೂ ನಕ್ಕೆ. ಕಿವಿ ಹೋದ ಮೇಲೆ ನಾಚಿಕೆಯಿಲ್ಲದೆ ನಕ್ಕದ್ದು ಅದೇ ಮೊದಲು. ಕಂಪೌಂಡರ್ ಕೂಗುವುದನ್ನು ಬಿಟ್ಟು, ಒಬ್ಬೊಬ್ಬರ ಹತ್ತಿರ ಬಂದು ಭುಜ ಮುಟ್ಟಿ ಕರೆದುಕೊಂಡು ಹೋಗತೊಡಗಿದ. ಅವನ ಆ ಕೈ ಈಗಲೂ ನೆನಪಿದೆ.

ಡಾಕ್ಟರು ಎರಡು ಹಲ್ಲಿನ ಒಂದು ಉಕ್ಕಿನ ಕವೆಯನ್ನು ಮೊಣಕಾಲಿಗೆ ತಟ್ಟಿ ನನ್ನ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಮತ್ತೆ ತಟ್ಟಿ, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು.

ಗುಂಯ್ ಎಂದು ಕೇಳಿತು.

ನನ್ನ ತಲೆಯೊಳಗೆ, ದೊಡ್ಡ ಗಂಟೆ ಬಾರಿಸಿ ನಿಂತ ಮೇಲೆ ಉಳಿಯುವಂಥ ದನಿ. ನಾನು ಡಾಕ್ಟರ ಕೈಯನ್ನೇ ಹಿಡಿದುಬಿಟ್ಟೆ. ಅವರು ಬಿಡಿಸಿಕೊಳ್ಳಲಿಲ್ಲ. ದನಿ ಪೂರ್ತಿ ಆರುವವರೆಗೂ ನಿಂತಿದ್ದರು. ಆಮೇಲೆ ಮೇಜಿನ ಮೇಲಿದ್ದ ಪಾಟಿಯಲ್ಲಿ ಬರೆದರು: "ಒಳಗಿನ ನರ ಜೀವಂತ ಇದೆ. ಮುಂದಿನ ಬಾಗಿಲು ಬಿಗಿದಿದೆ. ಅದನ್ನು ತೆರೆಯುವುದು ನನ್ನಿಂದ ಆಗದು." ಅದರ ಕೆಳಗೆ ಇನ್ನೊಂದು ಸಾಲು ಬರೆದು ಬಸವಣ್ಣೆಪ್ಪನವರಿಗೆ ತೋರಿಸಿದರು. ಇನ್ನೊಂದು ಹೆರಿಗೆಯಾದರೆ ಉಳಿದದ್ದೂ ಹೋಗಬಹುದು ಎಂದು.

ಮನೆಗೆ ಬರುವ ದಾರಿಯುದ್ದಕ್ಕೂ ಆ ಸಾಲನ್ನು ಅತ್ತೆಗೆ ಹೇಗೆ ಹೇಳುವುದೆಂದೇ ಚಿಂತೆ. ಅವರಿಗೆ ಮೊಮ್ಮಗ ಬೇಕಿತ್ತು. ಗಂಡ ಹೇಳಿದರು, ಅತ್ತೆ ಏನೋ ಒಂದು ಮಾತಾಡಿ ಒಳಗೆ ಹೋದರು. ಏನಂದರು ಎಂದು ನಾನು ಕೇಳಿದಾಗ ಬಸವಣ್ಣೆಪ್ಪನವರು ಹಾಳೆಯ ಮೇಲೆ ಅವರ ಮಾತನ್ನು ಹಾಗೆಯೇ ಬರೆದರು: "ಒಂದ ಸಾಕು. ನನಗ ಸೊಸಿ ಬೇಕು." ಆ ಹಾಳೆ ನನ್ನ ಪೆಟ್ಟಿಗೆಯಲ್ಲಿದೆ.

ಆಮೇಲಿನ ವರ್ಷಗಳಲ್ಲಿ ತುಟಿ ಓದುವುದನ್ನು ಕಲಿತೆ. ಗಂಡನ ಮೀಸೆ ಅಡ್ಡ ಬರುತ್ತಿತ್ತು, ನನಗಾಗಿ ಅದನ್ನು ಬೋಳಿಸಿದರು. ಅತ್ತೆಯ ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ, ಅವರ ಮಾತು ಅರ್ಧ ಸಿಕ್ಕರೆ ಪುಣ್ಯ. ಎಲ್ಲರಿಗಿಂತ ಸುಲಭವಾಗಿ ಸಿಗುತ್ತಿದ್ದವಳು ನೀಲಾ. ನನ್ನ ಮೊಣಕಾಲು ತಟ್ಟಿ, ಎದುರಿಗೆ ನಿಂತು, ಒಂದೊಂದು ಅಕ್ಷರಕ್ಕೂ ತುಟಿಯನ್ನು ಚೆನ್ನಾಗಿ ಆಡಿಸಿ ಮಾತಾಡುತ್ತಿದ್ದಳು. ಆ ಮಾತಿಗೆ ನಾನೇ ಮನಸ್ಸಿನಲ್ಲಿ ಒಂದು ದನಿ ಕೊಟ್ಟುಕೊಂಡಿದ್ದೆ. ತೆಳ್ಳಗಿನ, ಸಣ್ಣ ದನಿ, ನನ್ನ ತಂಗಿಯದರ ಹಾಗೆ.

ಸ್ವಾತಂತ್ರ್ಯ ಬಂದ ವರ್ಷ ಬಸವಣ್ಣೆಪ್ಪನವರು ದಾಂಡೇಲಿಯಿಂದ ಒಂದು ಸುದ್ದಿ ತಂದರು. ಅಲ್ಲಿ ಕಟ್ಟಿಗೆ ಕೊಯ್ಯುವ ಗಿರಣಿಯಲ್ಲಿ ಕರೆಂಟು ಮತ್ತು ಟೆಲಿಫೋನು ನೋಡಿಕೊಳ್ಳುವ ದಾವಲಸಾಬ ಎಂಬವನಿದ್ದ. ಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಸೈನ್ಯದ ಟೆಲಿಫೋನು ತಂತಿ ಎಳೆಯುತ್ತಿದ್ದವನು. ಗುಂಡಿನ ಸದ್ದಿಗೆ ಅವನದೂ ಒಂದು ಕಿವಿ ಹೋಗಿತ್ತು. ಅವನು ಗಿರಣಿ ಸಾಹೇಬರ ಬಂಗಲೆಯ, ಕಿವಿ ಕೇಳದ ಇಂಗ್ಲಿಷ್ ಮಡಮ್ಮನಿಗೆ ಕೋಣೆಯ ಸುತ್ತ ತಂತಿ ಹಾಸಿ ಕೇಳುವ ಹಾಗೆ ಮಾಡಿಕೊಟ್ಟಿದ್ದಾನೆ ಎಂದರು. ನಾನು ತುಟಿ ತಪ್ಪಾಗಿ ಓದಿದೆನೆಂದು ಮತ್ತೆ ಹೇಳಿಸಿದೆ. ಅದೇ ಮಾತು.

ಒಂದು ಮುಂಜಾನೆ ಮೂವರೂ ದಾಂಡೇಲಿಗೆ ಹೋದೆವು. ನೀಲಾ ನನ್ನ ತೊಡೆಯ ಮೇಲೆ. ಬಂಗಲೆಯ ಜಗುಲಿಯಲ್ಲಿ ದಾವಲಸಾಬ ಕಾಯುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಖಾಕಿ ಅಂಗಿ. ಎಲ್ಲರಂತೆ ನನ್ನ ಗಂಡನ ಜೊತೆ ಮಾತಾಡದೆ ನೇರ ನನ್ನ ಮುಖ ನೋಡಿ, ಬಾಯಿ ಕಾಣುವಂತೆ ಮಾತಾಡಿದ:

"ಬರ್ರಿ ಅಕ್ಕೋರ. ಘಾಬರಿ ಆಗಬ್ಯಾಡ್ರಿ. ಕರೆಂಟ್ ಹೊಡಿಯಂಗಿಲ್ಲ. ತಂತಿ ಗ್ವಾಡಿಗುಂಟ ಐತಿ, ನೀವು ಅದನ್ನ ಮುಟ್ಟೂದೂ ಬ್ಯಾಡ."

ಮಡಮ್ಮ ನನ್ನ ತಾಯಿಯ ವಯಸ್ಸಿನವರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ತಮ್ಮ ಕಿವಿ ಮುಟ್ಟಿಕೊಂಡರು, ನನ್ನ ಕಿವಿ ಮುಟ್ಟಿದರು, ತಲೆ ಅಲ್ಲಾಡಿಸಿದರು. ಇಬ್ಬರಿಗೂ ಅಷ್ಟು ಸಾಕಾಯಿತು. ಕುತ್ತಿಗೆಯಿಂದ ನೇತುಬಿದ್ದಿದ್ದ, ಇಸ್ಪೀಟಿನ ಪ್ಯಾಕಿನಷ್ಟು ಅಗಲದ ಪೆಟ್ಟಿಗೆಯೊಂದನ್ನು ತೆಗೆದು ನನ್ನ ಕೊರಳಿಗೆ ಹಾಕಿ, ಅದರಿಂದ ಹೊರಟ ಎಳೆಯ ತುದಿಗಿದ್ದ, ಕಿವಿಯೊಳಗೆ ಕೂರುವ ಗುಂಡಿಯನ್ನು ನನ್ನ ಕಿವಿಗೆ ತಾವೇ ಇಟ್ಟರು. ದಾವಲಸಾಬ ಮೂಲೆಯಲ್ಲಿ ಗೋಡೆಯ ತಂತಿಗೆ ಜೋಡಿಸಿದ್ದ ರೇಡಿಯೋ ತಿರುವಿದ.

ಒಬ್ಬ ಹೆಂಗಸು ಮಾತಾಡತೊಡಗಿದಳು. ಮರಾಠಿಯಲ್ಲಿ, ಯಾವುದೋ ಅಡಿಗೆಯ ಬಗ್ಗೆ. ಅವಳು ಉಸಿರು ತೆಗೆದುಕೊಂಡದ್ದು ಕೇಳಿತು. ರೇಡಿಯೋ ಎಲ್ಲೋ ಮೂಲೆಯಲ್ಲಿ, ದನಿ ಮಾತ್ರ ನನ್ನ ಕಿವಿಯ ಒಳಗೇ, ನಡುವೆ ಯಾವ ಗದ್ದಲವೂ ಇಲ್ಲದೆ. ನಾನು ಕೋಣೆಯಲ್ಲಿ ನಡೆದೆ. ರೇಡಿಯೋಕ್ಕೆ ಬೆನ್ನು ಮಾಡಿದೆ. ಕಿಟಕಿಯ ಹತ್ತಿರ ಹೋದೆ. ದನಿ ನನ್ನ ಜೊತೆಗೇ ಬಂತು. ಬಾಗಿಲು ದಾಟಿ ಜಗುಲಿಗೆ ಒಂದು ಹೆಜ್ಜೆ ಇಟ್ಟೆ. ಕತ್ತರಿಸಿದ ಹಾಗೆ ನಿಂತಿತು. ಹೆಜ್ಜೆ ಹಿಂದೆ ಇಟ್ಟೆ. ಅವಳು ಸಾಸಿವೆ ಒಗ್ಗರಣೆ ಹಾಕುತ್ತಿದ್ದಳು. ಮತ್ತೆ ಹೊರಗೆ, ಮತ್ತೆ ಒಳಗೆ. ಹೊಳೆಯ ದಂಡೆಯಲ್ಲಿ ನೀರಿಗೆ ಕಾಲಿಟ್ಟು ತೆಗೆಯುವ ಮಗುವಿನ ಹಾಗೆ ಎಷ್ಟು ಸಲ ಮಾಡಿದೆನೋ. ಗೋಡೆಯ ಬುಡದಲ್ಲಿ ಸುಮ್ಮನೆ ಬಿದ್ದಿರುವ ಒಂದು ತಂತಿ. ಅದರ ಆಚೆ ನಾನು ಕಿವುಡಿ, ಈಚೆ ಅಲ್ಲ. ದೇವರ ಮನೆಯಲ್ಲಿಯೂ ನನ್ನ ಮೈ ಹಾಗೆ ಜುಂ ಎಂದಿರಲಿಲ್ಲ.

"ಇದು ಹೆಂಗ ದಾವಲಸಾಬ?" ಎಂದೆ.

ಅವನು ತಲೆ ಕೆರೆದುಕೊಂಡು ನಕ್ಕ. "ಫೌಜಿನ್ಯಾಗ ದುಶ್ಮನ್‌ರ ತಂತಿ ಬಾಜೂಕ ನಮ್ಮ ತಂತಿ ಹಾಸಿ, ಮುಟ್ಟದನ ಅವರ ಮಾತ ಕದ್ದು ಕೇಳ್ತಿದ್ವಿ ಅಕ್ಕೋರ. ಅದ ಇದು. ಹೆಂಗ ಅಂತ ಖರೇ ಕೇಳಿದ್ರ, ಖುದಾಗ ಗೊತ್ತು."

ಮಡಮ್ಮ ಮುಂದಿನ ತಿಂಗಳು ಊರಿಗೆ ಹೊರಡುವವರಿದ್ದರು. ಹೋಗುವ ಮುಂಚೆ ಪೆಟ್ಟಿಗೆ, ತಂತಿಗೆ ದನಿ ಕೊಡುವ ಯಂತ್ರ, ಮೈಕು ಎಲ್ಲವನ್ನೂ ನನಗೆಂದು ದಾವಲಸಾಬನ ಕೈಗೆ ಕೊಟ್ಟುಹೋದರು. ನಮ್ಮಿಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ.

ಅವನು ಸಾಮಾನು ಹೊತ್ತ ಚಕ್ಕಡಿಯೊಂದಿಗೆ ಹಳಿಯಾಳಕ್ಕೆ ಬಂದ ದಿನ ಅತ್ತೆ ಬಾಗಿಲಲ್ಲೇ ಅಡ್ಡ ನಿಂತರು. ಆ ಮಾತುಗಳನ್ನು ಬಸವಣ್ಣೆಪ್ಪನವರು ಆಮೇಲೆ ನನಗೆ ಹೇಳಿದ್ದು.

"ಮನಿಗೆ ತಂತಿ ಸುತ್ತಿದ್ರ ಸಿಡ್ಲ ಬಡದು ಎಲ್ಲಾರೂ ಸುಟ್ಟ ಹೋಗತೇವಿ."

"ಅಮ್ಮಾ, ನಿಮ್ಮ ಒಣಗಾಕ ಹಾಕೂ ತಂತಿಗಿಂತ ಇದು ತೆಳ್ಳಗ ಐತಿ. ಅದಕ್ಕ ಬಡೀಲಾರದ ಸಿಡ್ಲ ಇದಕ್ಕ ಬಡೀತೈತೇನ್ರಿ?"

"ಸೊಸಿ ತಲಿಯೊಳಗ ಏನರ ಆದ್ರ?"

"ನನ್ನ ತಲಿಗೆ ಮೊದ್ಲ ಹಚ್ಚಿ ತೋರಸ್ತೇನಿ. ನಂದೂ ಒಂದ ಕಿವಿ ಹೋಗೈತ್ರಿ."

ಅವನು ಹಚ್ಚಿಕೊಂಡು ತೋರಿಸಿದ. ಅತ್ತೆ ಅವನ ಮುಖವನ್ನೇ ಕಾಲು ಗಂಟೆ ನೋಡಿ, ಏನೂ ಆಗದ್ದನ್ನು ಕಂಡು, ಗೋಡೆಗೆ ಒರಗಿಸಿದ್ದ ಕಾಳಿನ ಡಬ್ಬಿಗಳನ್ನು ತಾವೇ ಸರಿಸತೊಡಗಿದರು. ದಾವಲಸಾಬ ಪಡಸಾಲೆಯ ಗೋಡೆಗುಂಟ ತಂತಿ ಹಾಸಿದ, ಅಡಿಗೆಮನೆಯ ಹೊಸ್ತಿಲಿನ ಕೆಳಗೆ ತೂತು ಕೊರೆದು ಅದನ್ನೂ ಸುತ್ತಿನೊಳಗೆ ಸೇರಿಸಿದ. ತೊಲೆಗೆ ಮೈಕನ್ನು ತೂಗುಹಾಕಿದ. ಯಂತ್ರಕ್ಕೆ ಮೋಟಾರಿನ ಬ್ಯಾಟರಿ ಸಾಕು, ನನ್ನ ಕೊರಳಿನ ಪೆಟ್ಟಿಗೆಯ ಬ್ಯಾಟರಿ ಮಾತ್ರ ಮುಂಬೈಯಿಂದ ಬರಬೇಕು, ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ಹೇಳಿದ.

ಮಧ್ಯಾಹ್ನದ ಹೊತ್ತಿಗೆ ನಾನು ಪಡಸಾಲೆಯ ನಡುವೆ ಕೂತು ಗುಂಡಿಯನ್ನು ಕಿವಿಗಿಟ್ಟುಕೊಂಡೆ.

"ಗಿರಿಜಾ," ಎಂದರು ಬಸವಣ್ಣೆಪ್ಪನವರು. ಅಷ್ಟೇ. ಅವರ ದನಿ ಹಾಗೇ ಇತ್ತು.

"ಕೇಳತೈತೇನವಾ?" ಎಂದರು ಅತ್ತೆ. ನಾನು ಬೆಚ್ಚಿದೆ. ನನ್ನ ನೆನಪಿನಲ್ಲಿದ್ದ ಅತ್ತೆಯ ದನಿ ಕಂಚಿನದು. ಈಗ ಅದು ಒಡೆದಿತ್ತು, ಪ್ರತಿ ಮಾತಿನ ಕೊನೆಗೆ ಒಂದು ಸಣ್ಣ ಗೊರಗೊರ. ಏಳು ವರ್ಷ ಒಂದೇ ಮನೆಯಲ್ಲಿದ್ದೂ ಅವರಿಗೆ ಉಬ್ಬಸ ಶುರುವಾದದ್ದು ನನಗೆ ಗೊತ್ತಾಗಿರಲಿಲ್ಲ. "ಕೇಳತೈತ್ರಿ" ಎಂದೆ, ನನ್ನ ದನಿಯೇ ಕಿವಿಗೆ ಅಪ್ಪಳಿಸಿತು. ಇಷ್ಟು ವರ್ಷ ನಾನು ಹೀಗೆ ಕಿರಿಚಿ ಮಾತಾಡುತ್ತಿದ್ದೆನೇ?

ಆಮೇಲೆ ನೀಲಾಳನ್ನು ಎದುರಿಗೆ ನಿಲ್ಲಿಸಿದರು. ಆರು ತುಂಬಿ ಏಳಕ್ಕೆ ಬಿದ್ದಿದ್ದಳು. ಈ ಒಂದು ದನಿಗಾಗಿ ಅವಳು ಹುಟ್ಟಿದಂದಿನಿಂದ ಕಾದಿದ್ದೆ. ಅವಳು ನನ್ನ ಮೊಣಕಾಲು ತಟ್ಟಿ, ತುಟಿಯಾಡಿಸಿದಳು: "ಅವ್ವ, ಇದೇನ ಇದು?"

ಏನೂ ಕೇಳಲಿಲ್ಲ.

ಮತ್ತೆ ಹೇಳಿಸಿದೆ. ತುಟಿ ಆಡಿತು, ದನಿ ಇಲ್ಲ. "ಯಂತ್ರ ಕೆಟ್ಟಿತು ದಾವಲಸಾಬ!" ಎಂದೆ. ಬಸವಣ್ಣೆಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿದರು. ಅತ್ತೆ ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು ನನ್ನ ಪಕ್ಕ ಕೂತರು.

"ಗಿರಿಜವ್ವಾ, ಯಂತ್ರ ಕೆಟ್ಟಿಲ್ಲ. ಕೂಸು ನಿನ್ನ ಕೂಡ ಎಂದೂ ದನಿ ತಗದು ಮಾತಾಡಿಲ್ಲ. ನಮ್ಮ ಕೂಡ ಮಾತಾಡತೈತಿ. ನಿನಗ ತುಟಿ ಸಾಕು ಅಂತ ಅದಕ್ಕ ಗೊತ್ತು. ಮೂರ ವರ್ಷದಿಂದ ಹಿಂಗ ಐತಿ. ನಿನಗ ಹ್ಯಾಂಗ ಹೇಳೂದು ಅಂತ ನಾವ್ಯಾರೂ ಹೇಳಲಿಲ್ಲ."

ನಾನು ಗುಂಡಿಯನ್ನು ಕಿವಿಯಿಂದ ತೆಗೆದೆ. ಯಾರ ಮೇಲೂ ಸಿಟ್ಟು ಬರಲಿಲ್ಲ. ನನ್ನ ಮಗಳ ಜೊತೆ ಎಷ್ಟು ಮಾತಾಡಿದ್ದೆ, ಎಷ್ಟು ಕಥೆ, ಎಷ್ಟು ಜಗಳ! ಅವೆಲ್ಲವೂ ದನಿಯೇ ಇಲ್ಲದ ಮಾತುಗಳು. ನಾನು ಕಿವುಡಿ ಎಂಬುದು ಅಂದು ಗೊತ್ತಾದಷ್ಟು ಬೆಳಗಾವಿಯಲ್ಲೂ ಗೊತ್ತಾಗಿರಲಿಲ್ಲ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ತಂತಿ ನಮ್ಮ ಮನೆಯಲ್ಲಿ ಈಗಲೂ ಇದೆ. ಹೊರಗೆ ನಾನು ಈಗಲೂ ಕಿವುಡಿಯೇ. ಬ್ಯಾಟರಿ ಬರುವುದು ತಡವಾದರೆ ವಾರಗಟ್ಟಲೆ ಮನೆಯಲ್ಲಿಯೂ ಕಿವುಡಿ. ಆ ಪೆಟ್ಟಿಗೆಯನ್ನು ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಅಕ್ಕಪಕ್ಕದ ಹುಡುಗಿಯರಿಗೆ ಮತ್ತೆ ಪಾಠ ಹೇಳಿದೆ. ಯಾರಿಗೆ ಹೊಟ್ಟೆನೋವು, ಯಾರಿಗೆ ಪದ್ಯ ಬರುವುದಿಲ್ಲ ಎಂಬುದು ತಿಳಿಯಿತು. ಅತ್ತೆಯ ಉಬ್ಬಸಕ್ಕೆ ಔಷಧ ತರಿಸಿದೆವು. ಇವೆಲ್ಲ ಆಮೇಲಿನವು. ಮೊದಲ ವಾರದಲ್ಲಿ ಮಾತ್ರ ನನಗೆ ಆ ಯಂತ್ರ ಬೇಡವೇ ಬೇಡ ಎನ್ನಿಸಿತ್ತು.

ಎಲ್ಲರೂ ನೀಲಾಳಿಗೆ ಹೇಳಿದರು. "ದನಿ ತಗದು ಮಾತಾಡ, ಅವ್ವಗ ಕೇಳತೈತಿ." ಹೇಳಿದಷ್ಟೂ ಅವಳು ಮುದುಡಿದಳು. ನಾನು ಗುಂಡಿ ಇಟ್ಟುಕೊಂಡರೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. "ಬಿಡ್ರಿ, ಒತ್ತಾಯ ಮಾಡಬ್ಯಾಡ್ರಿ" ಎಂದೆ. ದಿನಾ ಮುಂಜಾನೆ ಒಂದು ತಾಸು ಸೆರಗಿನಲ್ಲಿ ಪೆಟ್ಟಿಗೆ ಮುಚ್ಚಿಕೊಂಡು, ಕಿವಿಯ ಮೇಲೆ ಕೂದಲು ಎಳೆದುಕೊಂಡು, ಬಾಗಿಲಿಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತ ಕೂರುತ್ತಿದ್ದೆ.

ಐದನೆಯ ದಿನ ಅವಳ ದನಿ ಕೇಳಿತು. ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿಯ ಜೊತೆ ಮಾತಾಡುತ್ತಿದ್ದಳು. ತೆಳ್ಳಗಿನ ದನಿ ಅಲ್ಲವೇ ಅಲ್ಲ. ದಪ್ಪ, ಸ್ವಲ್ಪ ಒರಟು, ಹುಡುಗರ ದನಿಯ ಹಾಗೆ. ನನ್ನ ತಂದೆಯ ದನಿ! ಸನವಳ್ಳಿಯಲ್ಲಿ ತೀರಿಹೋದ ನನ್ನ ಅಪ್ಪನ ದನಿ ಈ ಕೂಸಿನ ಗಂಟಲಿನಲ್ಲಿ ಇಷ್ಟು ವರ್ಷ ಮನೆಯಲ್ಲಿ ಓಡಾಡುತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಕ್ಕಿ ಮಸುಕಾಯಿತು. ಕೈ ಮಾತ್ರ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ನನ್ನ ಎದುರಿಗೆ ಬಂದು ಮೊಣಕಾಲು ತಟ್ಟಿದಳು. ತುಟಿ ಆಡಿತು, ದನಿ ಅಡಿಗೆಮನೆಯಲ್ಲೇ ಉಳಿದುಹೋಗಿತ್ತು.

ಮರುದಿನ ಅದೇ ಜಾಗ, ಅದೇ ಮೊರ. ಹಿಂದಿನಿಂದ ಅವಳ ಮಾತು ಬಂತು.

"ಅಜ್ಜಿ, ನಾ ಬೆಲ್ಲಾ ತಿಂದೇನಿ. ಅವ್ವಗ ಹೇಳಬ್ಯಾಡ."

"ಆಕೀಗೆ ಎಲ್ಲಿ ಕೇಳಬೇಕವಾ" ಎಂದರು ಅತ್ತೆ. ಬೇಕೆಂದೇ ಅಂದರೋ ಏನೋ, ಇಂದಿಗೂ ಒಪ್ಪಿಕೊಂಡಿಲ್ಲ.

ನಾನು ತಿರುಗಲಿಲ್ಲ. ಅಕ್ಕಿಯನ್ನೇ ನೋಡುತ್ತ ಕೇಳಿದೆ, "ಎಷ್ಟ ತಿಂದಿ ನೀಲಾ?"

ಬರಿಗಾಲಿನ ಹೆಜ್ಜೆ ನೆಲಕ್ಕೆ ತಾಗುವುದು ಕೇಳಿತು. ಮೂರು ಹೆಜ್ಜೆ, ನಿಂತಿತು. ನನ್ನ ಬೆನ್ನಿನ ಹಿಂದೆಯೇ ಎಲ್ಲೋ ನಿಂತಿದ್ದಾಳೆ. ಅವಳ ಉಸಿರು ಕೇಳುತ್ತಿತ್ತು. ಎದುರಿಗೆ ಬಂದು ಮೊಣಕಾಲು ತಟ್ಟುತ್ತಾಳೆ ಎಂದುಕೊಂಡೆ. ಬರಲಿಲ್ಲ.

"ಅವ್ವ."

ಬಹಳ ಮೆಲ್ಲಗೆ. ಬಾವಿಯೊಳಗೆ ಕಲ್ಲು ಹಾಕಿ ನೋಡುವವರ ಹಾಗೆ.

"ಏನವ್ವಾ?" ಎಂದೆ, ತಿರುಗದೆ.

ಅವಳು ಎರಡು ಹೆಜ್ಜೆ ಹಿಂದೆ ಹೋದಳು. "ಅವ್ವ."

"ಹೇಳ, ನೀಲಾ."

ಅಡಿಗೆಮನೆಗೆ ಓಡಿದಳು. ಹೊಸ್ತಿಲಿನ ಆಚೆಯಿಂದ, ಈ ಸಲ ಮನೆ ಹಾರಿಹೋಗುವಂತೆ ಕೂಗಿದಳು. "ಅವ್ವಾ!"

"ಇಲ್ಲೇ ಅದೀನವ್ವಾ!"

ಈಗ ನನ್ನಿಂದ ತಡೆಯಲಾಗಲಿಲ್ಲ, ತಿರುಗಿದೆ. ಅತ್ತೆ ಒಲೆಯ ಮುಂದೆ ಸೆರಗು ಬಾಯಿಗಿಟ್ಟುಕೊಂಡಿದ್ದರು. ನೀಲಾ ಹೊಸ್ತಿಲ ಮೇಲೆ ನಿಂತು, ಬೆಲ್ಲ ಮೆತ್ತಿದ ಬೆರಳನ್ನು ತನ್ನ ಗಂಟಲಿನ ಮೇಲೆ ಇಟ್ಟುಕೊಂಡು, ನನ್ನನ್ನು ಯಾರೋ ಹೊಸಬಳನ್ನು ನೋಡುವಂತೆ ಬೆರಗಿನಿಂದ ನೋಡುತ್ತಿದ್ದಳು.

"ಅವ್ವ," ಎಂದಳು, ನನ್ನ ಅಪ್ಪನ ದನಿಯಲ್ಲಿ, "ನಿನಗ ಬೆನ್ನಿಗೆ ಕಿವಿ ಬಂದಾವೇನ?"

"ಬಂದಾವ" ಎಂದೆ.